ವೈಂಡಿಂಗ್ ಸಾಬರ ಗೋಡೆ

ಅವರ ಬಲಗೈ ಹೆಬ್ಬೆರಳಿನಲ್ಲಿ ಒಂದು ಕಾಲುವೆ ಇತ್ತು. ನಲವತ್ತು ವರ್ಷ ತಾಮ್ರದ ತಂತಿ ಎಳೆದೂ ಎಳೆದೂ ಉಗುರಿನ ಪಕ್ಕದಿಂದ ಬೆರಳ ಬುಡದವರೆಗೆ ಚರ್ಮ ಕೊರೆದುಹೋಗಿ, ಅದರೊಳಗೆ ವಾರ್ನಿಷ್ ಇಳಿದು ಕೆಂಪಗೆ ಗಟ್ಟಿಯಾಗಿತ್ತು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಅವರ ಅಂಗಡಿಗೆ ಹೋದರೆ ಆ ಬೆರಳನ್ನು ನೋಡುತ್ತ ಕೂರುವುದೇ ನನ್ನ ಕೆಲಸ. ನೋಯುವುದಿಲ್ಲವಾ ಎಂದು ಒಮ್ಮೆ ಕೇಳಿಯೂ ಬಿಟ್ಟಿದ್ದೆ.

"ನೋಯೋದೆಲ್ಲ ಯಾವತ್ತೋ ನೊಂದ್ ಮುಗೀತು ಕಣಮ್ಮ. ಈಗ ತಂತೀಗೆ ಅದ್ರ ದಾರಿ ಗೊತ್ತು" ಎಂದಿದ್ದರು.

ಮದ್ದೂರಿನಿಂದ ಮಳವಳ್ಳಿ ಕಡೆ ಹೋಗುವ ರಸ್ತೆಯಲ್ಲಿ ಅವರ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಂತಿ ಸುತ್ತಿ ಕೊಡುವುದು ಕಸುಬು. ಊರಿಗೆಲ್ಲ ಅವರು ವೈಂಡಿಂಗ್ ಸಾಬರು. ಹಲಗೂರು ಕಡೆಯಿಂದಲೂ ರೈತರು ಮೋಟಾರನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿಗೆ ಹಾಕಿಕೊಂಡು ಬರುತ್ತಿದ್ದರು. ದಾರಿಯಲ್ಲಿ ಬೇರೆ ವೈಂಡಿಂಗ್ ಅಂಗಡಿಗಳು ಇರಲಿಲ್ಲವೆಂದಲ್ಲ. ಇವರಲ್ಲಿಗೇ ಬರಲು ಕಾರಣ ಬಾಗಿಲಲ್ಲೇ ತೂಗುತ್ತಿತ್ತು, ಒಂದು ತಕ್ಕಡಿ.

ಸುಟ್ಟ ಮೋಟಾರಿನಿಂದ ಕಿತ್ತ ಹಳೇ ತಾಮ್ರಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆ. ಅದು ಮೋಟಾರಿನ ಯಜಮಾನನಿಗೆ ಸೇರಿದ್ದು ಎನ್ನುವುದು ಎಷ್ಟೋ ರೈತರಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವರೂ ಕೇಳಲು ಮುಜುಗರಪಟ್ಟು ಸುಮ್ಮನಾಗುತ್ತಿದ್ದರು. ಸಾಬರು ಮಾತ್ರ ಯಜಮಾನ ಎದುರಿಗೆ ಇಲ್ಲದೆ ಮೋಟಾರಿನ ಒಂದು ಬೋಲ್ಟನ್ನೂ ಸಡಿಲ ಮಾಡುತ್ತಿರಲಿಲ್ಲ. ಕಿತ್ತ ತಂತಿಯನ್ನು ರಸ್ತೆಯ ಕಡೆಗೆ ಮುಖಮಾಡಿದ ಆ ತಕ್ಕಡಿಯಲ್ಲಿ ಹಾಕಿ, ತೂಕ ಕೂಗಿ ಹೇಳಿ, ಹೊಸ ತಂತಿಯನ್ನೂ ಅದೇ ತಕ್ಕಡಿಯಲ್ಲಿ ತೂಗಿ, ಕಳೆದು ಉಳಿದದ್ದಕ್ಕೆ ಮಾತ್ರ ಕಾಸು. "ನಂಬಿಕೆ ಅದೆ ಬುಡಿ ಸಾಬ್ರೇ, ತೂಗೋದ್ಯಾಕೆ?" ಎಂದು ಯಾರಾದರೂ ಔದಾರ್ಯ ತೋರಿಸಿದರೆ ಅವರಿಗೆ ರೇಗುತ್ತಿತ್ತು.

"ನಂಬ್ಕೆ ನಿನ್ತಾವೇ ಮಡಿಕಳ್ಳಪ್ಪ. ಕಣ್ಣಿಗೇನ್ ಬಂದದೆ? ನೋಡು!"

ನಮ್ಮಪ್ಪನ ಮೋಟಾರು ವರ್ಷಕ್ಕೆ ಎರಡು ಸಲವಾದರೂ ಸುಡುತ್ತಿತ್ತು. ನಮ್ಮದು ಗೆಜ್ಜಲಗೆರೆ ಪಕ್ಕದ ಹಳ್ಳಿ, ಕೊನೇ ಟ್ರಾನ್ಸ್‌ಫಾರ್ಮರಿನ ಕೊನೇ ಹೊಲ ನಮ್ಮದು, ಕರೆಂಟು ನಮ್ಮಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಿತ್ತು. ಆದ್ದರಿಂದ ಸಾಬರು ಅಪ್ಪನಿಗೆ ಮೋಟಾರ್ ಗೌಡ್ರು ಎಂದೇ ಹೆಸರಿಟ್ಟಿದ್ದರು. ನಾನು ಮೋಟಾರ್ ಗೌಡ್ರ ಮಗಳು. ಈ ಹೆಸರು ಮುಂದೆ ನನ್ನನ್ನು ಎಷ್ಟು ಅಳಿಸಿತು ಎಂಬುದನ್ನು ಹೇಳುವ ಮುಂಚೆ ಅವರ ಗೋಡೆಯ ವಿಷಯ ಹೇಳಬೇಕು.

ಅಂಗಡಿಯ ಬಾಗಿಲು ತೆಗೆದರೆ ರಸ್ತೆಗೇ ಕಾಣುವಂಥ ಒಂದು ಒಳಗೋಡೆ. ಅದರ ತುಂಬ ಹೆಸರು, ಅಂಕಿ. ಸಾಬರು ಒಂದು ಚೀಟಿ ನಡೆಸುತ್ತಿದ್ದರು. ಇಪ್ಪತ್ತು ಜನ, ತಿಂಗಳಿಗೆ ತಲಾ ಐದು ಸಾವಿರ. ಹರಾಜು ಕೂಗುವುದಿಲ್ಲ, ಕಮಿಷನ್ ಇಲ್ಲ, ಬಡ್ಡಿ ಎಂಬ ಮಾತೇ ಇಲ್ಲ. ಒಂದು ವಾರ್ನಿಷ್ ಡಬ್ಬಿಯಲ್ಲಿ ಹೆಸರಿನ ಚೀಟಿ ಹಾಕಿ, ಆ ಹೊತ್ತಿಗೆ ಅಂಗಡಿಗೆ ಬಂದ ಗಿರಾಕಿಯ ಕೈಲಿ ಒಂದನ್ನು ಎತ್ತಿಸುವುದು. ಯಾರ ಹೆಸರು ಬಂತೋ ಅವರಿಗೆ ಲಕ್ಷ ರೂಪಾಯಿ. ಯಾರಿಗಾದರೂ ತುರ್ತು ಇದ್ದರೆ ಎಲ್ಲರೂ ಒಪ್ಪಿ ಎತ್ತದೆಯೇ ಕೊಡುವುದೂ ಇತ್ತು. ಯಾರು ಕಟ್ಟಿದರು, ಯಾರು ತಡ ಮಾಡಿದರು, ಯಾರು ಎತ್ತಿಕೊಂಡರು, ಎಲ್ಲ ಗೋಡೆಯ ಮೇಲೆ. ಅದನ್ನು ಬರೆಯುತ್ತಿದ್ದದ್ದು ಸೀಮೆಸುಣ್ಣದಲ್ಲಿ ಅಲ್ಲ, ಮೋಟಾರಿಗೆ ಬಳಿಯುವ ಕೆಂಪು ವಾರ್ನಿಷ್‌ನಲ್ಲಿ. ಒಣಗಿದರೆ ಉಗುರಿಂದ ಕೆರೆದರೂ ಹೋಗದು.

"ಸೀಮೆಸುಣ್ಣ ಆದ್ರೆ ಒಂದಲ್ಲ ಒಂದಿನ ನಂಗೇ ಅಳ್ಸನ ಅನ್ನಿಸ್ಬುಡ್ತದೆ" ಎನ್ನುತ್ತಿದ್ದರು. ಬಾಕಿ ತೀರಿದರೂ ಅಳಿಸುತ್ತಿರಲಿಲ್ಲ, ಮೇಲೊಂದು ಗೀಟು ಎಳೆಯುತ್ತಿದ್ದರು. "ಇಸ್ಕಂಡಿದ್ನ ಜನ ನೋಡವ್ರೆ. ತೀರ್ಸಿದ್ನೂ ನೋಡ್ಲಿ."

ವರ್ಷಕ್ಕೊಮ್ಮೆ, ರಂಜಾನ್ ಹಿಡಿಯುವ ಮೊದಲಿನ ಭಾನುವಾರ, ಇಪ್ಪತ್ತೂ ಜನ ಸೇರಬೇಕು. ಸಾಬರು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಗೋಡೆಯನ್ನು ಜೋರಾಗಿ ಓದುತ್ತಿದ್ದರು. ಎಲ್ಲರೂ ಸರಿ ಎಂದ ಮೇಲೆ ಸುಣ್ಣ ಹೊಡೆದು ಹೊಸ ವರ್ಷ ಶುರು. ಆಮೇಲೆ ಒಂದು ಟೆಂಪೋ ಮಾಡಿಕೊಂಡು ಎಲ್ಲರೂ ಮುತ್ತತ್ತಿಗೆ. ಹೋದವರಲ್ಲಿ ಕೆಲವರು ಆಂಜನೇಯನಿಗೆ ಕಾಯಿ ಒಡೆಸಿ ಬರುವಷ್ಟರಲ್ಲಿ ಸಾಬರು ಹೊಳೆ ದಡದಲ್ಲಿ ಒಲೆ ಹೂಡಿರುತ್ತಿದ್ದರು. ಊಟ ಮುಗಿಯುತ್ತಿದ್ದ ಹಾಗೇ ಅಲ್ಲೂ ಖರ್ಚಿನ ಪಟ್ಟಿ ಓದುವುದೇ. ಒಂದು ವರ್ಷ "ನಿಂಬೆಅಣ್ಣು ಹತ್ತು ತಂದಿದ್ದು, ಎರಡು ಮಿಕ್ಕವೆ, ಯಾರಿಗ್ ಬೇಕು?" ಎಂದು ಕೂಗಿದಾಗ ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಅವರು ನಗಲಿಲ್ಲ. ಆ ಎರಡು ನಿಂಬೆಹಣ್ಣನ್ನು ಹರಾಜು ಹಾಕದೆ ಬಿಡುವುದಿಲ್ಲವೆಂದು ಗೊತ್ತಾಗಿ ನಾನೇ ತೆಗೆದುಕೊಂಡೆ.

ತಮ್ಮ ಹೆಸರನ್ನೂ ಅವರು ಗೋಡೆಯಿಂದ ಬಿಟ್ಟಿರಲಿಲ್ಲ. ಒಮ್ಮೆ ಹಲಗೂರಿನ ಹತ್ತಿರದ ಒಬ್ಬ ಹಿರಿಯ ರೈತರ ಮೋಟಾರಿಗೆ ತಂತಿ ಸುತ್ತುವಾಗ ಯಾರೋ ಮಾತಿಗೆ ಎಳೆದು ಎಣಿಕೆ ತಪ್ಪಿತು. ನಾಲ್ಕು ಸುತ್ತು ಕಡಿಮೆ. ಮೋಟಾರು ವಾರದಲ್ಲಿ ಸುಟ್ಟಿತು. ಆ ರೈತರು ಬೈಯಲಿಲ್ಲ, ಕರೆಂಟಿನದೇ ತಪ್ಪು ಅಂದುಕೊಂಡಿದ್ದರು. ಸಾಬರು ಬಿಚ್ಚಿ, ಕರಕಲು ಸುತ್ತುಗಳನ್ನು ಅವರೆದುರಿಗೇ ಒಂದೊಂದಾಗಿ ಎಣಿಸಿ ತೋರಿಸಿ, "ನಂದೇ ತಪ್ಪು" ಎಂದು ಗೋಡೆಯ ಮೇಲೆ ತಮ್ಮ ಹೆಸರಿನ ಮುಂದೆ ಹೊಸ ತಂತಿಯ ಬೆಲೆ ಬರೆದರು. ರಸ್ತೆಗೆ ಹೋಗುವವರೆಲ್ಲ ಅದನ್ನು ಓದಿಕೊಂಡು ಹೋದರು. ಇಂಥಾ ಜಾಹೀರಾತು ಯಾವ ಅಂಗಡಿಯವನು ಹಾಕಿಕೊಳ್ಳುತ್ತಾನೆ ಎಂದು ಅಪ್ಪ ಮನೆಗೆ ಬಂದು ತಲೆ ಚಚ್ಚಿಕೊಂಡಿದ್ದರು. ಆದರೆ ಆ ವರ್ಷ ಸಾಬರಿಗೆ ಕೆಲಸ ಹೆಚ್ಚಾಯಿತೇ ವಿನಾ ಕಮ್ಮಿಯಾಗಲಿಲ್ಲ.

ನಾನು ಬಿ.ಕಾಂ. ಮುಗಿಸಿ ಗೆಜ್ಜಲಗೆರೆಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಗುಮಾಸ್ತೆಯಾದೆ. ಮೊದಲ ಸಂಬಳದಲ್ಲೇ ಸಾಬರ ಚೀಟಿಗೆ ಸೇರಿದೆ. ಮೂರು ವರ್ಷ ಚೆನ್ನಾಗಿತ್ತು. ಆಮೇಲೆ ನನ್ನ ತಲೆಗೆ ಆ ಕಾಯಿನ್ ಹೊಕ್ಕಿತು.

ಮಂಡ್ಯದ ಒಂದು ಹೋಟೆಲಿನ ಮಹಡಿಯ ಹಾಲಿನಲ್ಲಿ ಸಭೆ ಇತ್ತು. ಕೋಟು ತೊಟ್ಟ ಒಬ್ಬಾತ ಮಾತಾಡಿದ. ನೀವು ಬ್ಯಾಂಕಿಗೆ ಹಾಕಿದ ದುಡ್ಡನ್ನು ಅವರು ಯಾರಿಗೆ ಸಾಲ ಕೊಟ್ಟರು ಎಂದು ನಿಮಗೆ ಯಾವತ್ತಾದರೂ ತೋರಿಸಿದ್ದಾರಾ ಎಂದು ಕೇಳಿದ. ಯಾರಿಗೂ ತೋರಿಸಿರಲಿಲ್ಲ. ಕ್ರಿಪ್ಟೋದಲ್ಲಿ, ಅಂದರೆ ಫೋನಿನಲ್ಲೇ ಕೊಂಡು ಮಾರುವ ತಮ್ಮ ಕಾಯಿನ್ ಎಂಬ ಡಿಜಿಟಲ್ ನಾಣ್ಯದಲ್ಲಿ ಹಾಗಲ್ಲ, ಪ್ರತಿಯೊಂದು ವಹಿವಾಟೂ ಬ್ಲಾಕ್‌ಚೈನ್ ಎಂಬ ಬಯಲು ಪುಸ್ತಕದಲ್ಲಿ ಬರೆದಿರುತ್ತದೆ, ಲೋಕದಲ್ಲಿ ಯಾರು ಬೇಕಾದರೂ ನೋಡಬಹುದು, ಒಮ್ಮೆ ಬರೆದದ್ದನ್ನು ಯಾರಿಂದಲೂ ಅಳಿಸಲಾಗದು ಎಂದ. ಅವನ ಮಿಕ್ಕ ಮಾತು ನನಗೆ ಅರ್ಥವಾಗಲಿಲ್ಲ, ಇದು ಮಾತ್ರ ತಟ್ಟನೆ ಅರ್ಥವಾಯಿತು. ಅಯ್ಯೋ, ಇದು ನಮ್ಮ ಸಾಬರ ಗೋಡೆಯಲ್ಲವೇ ಅನ್ನಿಸಿತು. ನಾನು ಮೋಸಹೋದದ್ದು ದುರಾಸೆಯಿಂದ ಎಂದು ಜನ ಹೇಳುತ್ತಾರೆ. ಇಲ್ಲವೆನ್ನಲಾರೆ. ಆದರೆ ಕಾಲುಭಾಗ ಆ ಗೋಡೆಯ ಮೇಲಿನ ಭಕ್ತಿಯಿಂದ.

ನಲವತ್ತು ಸಾವಿರ ಹಾಕಿದೆ. ಮೊದಲ ವಾರದಲ್ಲೇ ನಾಲ್ಕು ಸಾವಿರ ಲಾಭ ಎಂದು ಫೋನಿಗೆ ಬಂತು. ಕುಣಿದಾಡಿಬಿಟ್ಟೆ. ಕಾರ್ಖಾನೆಯ ಬಸ್ಸಿನಲ್ಲಿ ಪಕ್ಕ ಕೂರುವವರಿಗೆಲ್ಲ ಹೇಳಿದೆ. ಹೊಲಿಗೆ ಲೈನಿನ ಆರು ಜನ ಹೆಣ್ಣುಮಕ್ಕಳು ನನ್ನ ಮಾತಿನ ಮೇಲೆ ದುಡ್ಡು ಹಾಕಿದರು. ಅವರಲ್ಲೊಬ್ಬಳು ನನ್ನ ಜೀವದ ಗೆಳತಿ. ಬೋನಸ್ ಬಂದದ್ದರಲ್ಲಿ ಮಿಕ್ಕ ಹದಿಮೂರು ಸಾವಿರದ ಏಳುನೂರನ್ನು ಹಾಗೇ ಪೂರ್ತಿ ಹಾಕಿದಳು. ನೀನು ಹೇಳಿದ ಮೇಲೆ ಮುಗೀತು ಎಂದಳು. ಅವಳು ಹಾಕಿದ ದಿನವೇ ನನ್ನ ನಾಲ್ಕು ಸಾವಿರವನ್ನು ಬಿಡಿಸಿಕೊಂಡು ನೋಡಿದೆ, ನಿಜವಾದ ದುಡ್ಡೇ ಕೈಗೆ ಬಂತು.

ಅಷ್ಟಕ್ಕೇ ನಿಲ್ಲಿಸಲಿಲ್ಲ ನಾನು. ಆ ತಿಂಗಳ ಚೀಟಿಯ ಲಕ್ಷ ರೂಪಾಯಿಯನ್ನು ಬಸ್ ಸ್ಟ್ಯಾಂಡಿನ ಬಳಿ ಹೂವು ಮಾರುವ ಅಕ್ಕನಿಗೆ ಎತ್ತದೆಯೇ ಕೊಡುವುದೆಂದು ತೀರ್ಮಾನವಾಗಿತ್ತು. ಅವಳ ಮಗಳು ನರ್ಸಿಂಗ್ ಕಾಲೇಜು ಸೇರಬೇಕಿತ್ತು, ಫೀಜು ಕಟ್ಟಲು ತಿಂಗಳಿಗಿಂತ ಸ್ವಲ್ಪ ಹೆಚ್ಚು ಸಮಯ ಉಳಿದಿತ್ತು. ನಾನು ಸದಸ್ಯರ ಮನೆಮನೆಗೆ ಹೋಗಿ, ಆ ಲಕ್ಷವನ್ನು ಒಂದೇ ಒಂದು ತಿಂಗಳು ಕಾಯಿನ್‌ಗೆ ಹಾಕೋಣ, ಅಕ್ಕನ ಫೀಜೂ ಆಗುತ್ತದೆ, ಎಲ್ಲರಿಗೂ ಸ್ವಲ್ಪ ಸಿಗುತ್ತದೆ ಎಂದೆ. ಹನ್ನೆರಡು ಜನ ತಲೆಯಾಡಿಸಿದರು. ಹೂವಿನ ಅಕ್ಕ ಹೆದರಿಕೊಂಡೇ, "ನೀನು ಓದ್ದೋಳು, ನಿಂಗೆ ಗೊತ್ತಿರ್ತದೆ" ಎಂದಳು. ಭಾನುವಾರ ಅಂಗಡಿ ಮುಂದೆ ಸೇರಿ ತೀರ್ಮಾನ ಎಂದಾಯಿತು.

ಗುರುವಾರ ಸಾಬರ ಬಳಿ ಹೋದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಹಳೇ ಕಾಲದವರು, ಬೇಡ ಅಂದೇಬಿಡುತ್ತಾರೆ ಎಂದುಕೊಂಡು ಬ್ಯಾಂಕಿನ ಕಥೆಯಿಂದಲೇ ಶುರುಮಾಡಿದೆ. ಯಾಕೆಂದರೆ ಅವರಿಗೂ ಆ ವಿಷಯದಲ್ಲಿ ಹಳೆಯದೊಂದು ಜಗಳವಿತ್ತು. ಅವರು ಷೇರುದಾರರಾಗಿದ್ದ ಒಂದು ಪತ್ತಿನ ಸಂಘದ ವಾರ್ಷಿಕ ಸಭೆಯಲ್ಲಿ ಎದ್ದುನಿಂತು, ದೊಡ್ಡ ಸಾಲಗಳು ಯಾರ್ಯಾರಿಗೆ ಹೋಗಿವೆ ಎಂದು ಕೇಳಿದ್ದರು. ಅದು ಗೋಪ್ಯ ಎಂದಿದ್ದರು ಅಧ್ಯಕ್ಷರು. "ಗುಟ್ಟು ಇರ್ಲಿ ಸ್ವಾಮಿ. ಗುಟ್ಟು ಕಾಯೋರ್ನ ಕಾಯೋರು ಯಾರು?" ಎಂದು ಇವರು. ಲೆಕ್ಕ ತನಿಖೆಯವರು ಇದ್ದಾರೆ ಎಂದರಂತೆ. ಅವರ ಹೆಸರು ಕೊಡಿ ಎಂದು ಬರೆಸಿಕೊಂಡು, ಮಾರನೇ ದಿನ ಅಂಗಡಿ ಮುಚ್ಚಿ ಮಂಡ್ಯಕ್ಕೆ ಹೋಗಿ ಆ ಮನುಷ್ಯನನ್ನು ಹುಡುಕಿ ಮಾತಾಡಿಸಿಕೊಂಡು ಬಂದಿದ್ದರು.

"ಅವತ್ತು ನಿಮಗೆ ಆ ಪುಸ್ತಕ ತೋರಿಸಲಿಲ್ಲ ತಾನೇ ಸಾಬ್ರೇ? ಇಲ್ಲಿ ಎಲ್ಲಾ ತೋರಿಸ್ತಾರೆ. ನಿಮ್ಮ ಗೋಡೆ ಥರಾನೇ. ಅಳಿಸೋಕೂ ಆಗಲ್ಲ" ಎಂದೆ.

ಸಾಬರು ಕೈಲಿದ್ದ ತಂತಿ ಕೆಳಗಿಟ್ಟರು. ಅವರ ಮುಖದಲ್ಲಿ ಅನುಮಾನ ಇರಲಿಲ್ಲ, ಆಸೆ ಇತ್ತು. "ದಿಟವಾ? ಅಂಗಾರೆ ಅದ್ನ ಕಂಡಿಡ್ದೋನು ಬಾರಿ ಆಸಾಮಿ ಕಣಮ್ಮ. ಎಲ್ಲಿ, ತೋರ್ಸು."

ಫೋನು ತೆಗೆದು ಆ್ಯಪಿನಲ್ಲಿ ಹಸಿರು ಗೆರೆ ಮೇಲೇರುವುದನ್ನು ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಇದು ಬಣ್ಣ. ಗ್ವಾಡೆ ತೋರ್ಸು" ಎಂದರು.

ಆಗ ನನಗೆ ಹೊಳೆಯಿತು, ಆ ಬಯಲು ಪುಸ್ತಕವನ್ನು ನಾನು ಒಂದು ದಿನವೂ ತೆರೆದು ನೋಡಿರಲಿಲ್ಲ. ಯಾರು ಬೇಕಾದರೂ ನೋಡಬಹುದು ಎಂದಿದ್ದರಲ್ಲ, ಅದರಲ್ಲೇ ತೃಪ್ತಿಯಾಗಿತ್ತು. ಹುಡುಕಿ ತೆರೆದೆ. ಸಾಲು ಸಾಲು ಅಕ್ಷರ ಅಂಕಿ. ಪ್ರತಿಯೊಬ್ಬರ ಖಾತೆಗೂ ಹೆಸರಿನ ಬದಲು ಮಾರುದ್ದದ ಒಂದು ಗುರುತು, ಯಾವ ಖಾತೆಯಿಂದ ಯಾವ ಖಾತೆಗೆ ಎಷ್ಟು, ಯಾವ ನಿಮಿಷದಲ್ಲಿ ಹೋಯಿತು, ಎಲ್ಲವೂ ಇತ್ತು. ಕೋಟಿನವನು ಅಷ್ಟರಮಟ್ಟಿಗೆ ಸುಳ್ಳು ಹೇಳಿರಲಿಲ್ಲ.

ಸಾಬರು ಮೋಟಾರಿನ ಸುತ್ತು ಬರೆದುಕೊಳ್ಳುವ ನೋಟುಬುಕ್ಕು ತೆಗೆದರು. ಮೂರು ದಿನ, ನಾನು ಪಾಳಿ ಮುಗಿಸಿ ಬಸ್ಸಿಳಿದ ಕೂಡಲೇ, ನನ್ನ ಪಕ್ಕ ಕೂತು ಆ ಪುಸ್ತಕ ಓದಿದರು. ಇಂಗ್ಲಿಷು ಬಾರದು. ಬೇಕಾಗಿರಲೂ ಇಲ್ಲ. ಪ್ರತಿ ಗುರುತಿನ ಕೊನೇ ನಾಲ್ಕು ಅಕ್ಷರ ಬರೆದುಕೊಂಡು, ಅದಕ್ಕೊಂದು ಸುನ್ನೆ ಸುತ್ತಿ, ದುಡ್ಡು ಹೋದ ಕಡೆಗೆ ಗೀಟು ಎಳೆಯುತ್ತ ಹೋದರು. ಮೋಟಾರಿನೊಳಗೆ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಚಿತ್ರ ಬರೆಯುವುದು ಅವರ ಹಳೇ ಅಭ್ಯಾಸ. ಇದೂ ಅವರಿಗೆ ಅಷ್ಟೇ ಆಗಿತ್ತು. ನಡುನಡುವೆ ಮೆಚ್ಚುಗೆಯಿಂದ ತಲೆದೂಗುತ್ತಿದ್ದರು. "ನೋಡು, ನಿಮಿಸ ಕೂಡ ಬರ್ದವ್ನೆ. ನಾನು ನಿಮಿಸ ಬರಿತಿರ್ಲಿಲ್ಲ."

ಶನಿವಾರ ಸಂಜೆ ಚಿತ್ರ ಮುಗಿಯಿತು. ನೂರಾರು ಸಣ್ಣ ಸುನ್ನೆಗಳಿಂದ ಗೀಟುಗಳು ನಡುವಿನ ಒಂದು ದೊಡ್ಡ ಸುನ್ನೆಗೆ ಬಂದು ಸೇರಿದ್ದವು. ಅಲ್ಲಿಂದ ಕೆಲವು ಸಣ್ಣ ಗೀಟುಗಳು ವಾಪಸು ಸಣ್ಣ ಸುನ್ನೆಗಳಿಗೆ. ಒಂದು ದಪ್ಪ ಗೀಟು ಮಾತ್ರ ಬೇರೆ ಎಲ್ಲಿಗೋ ಹೊರಟುಹೋಗಿತ್ತು.

"ಒರ್ಗಿಂದ ಒಂದು ಕಾಸೂ ಬಂದಿಲ್ಲ ಕಣಮ್ಮ ಇದುಕ್ಕೆ. ಯಾರೂ ಒಂದು ಲೀಟ್ರು ಆಲು ಮಾರಿಲ್ಲ, ಒಂದು ಟನ್ನು ಕಬ್ಬು ಅರ್ದಿಲ್ಲ. ಹಾಕಿರೋರ ದುಡ್ಡೇ ಹಾಕಿರೋರ್ಗೆ ಲಾಭ ಅಂತ ಓಯ್ತದೆ. ಮಿಕ್ಕಿದ್ದು ಇಲ್ಲಿಗೆ" ಎಂದು ದಪ್ಪ ಗೀಟಿನ ಮೇಲೆ ಹೆಬ್ಬೆರಳಿಟ್ಟರು.

ನನಗೆ ಸಿಟ್ಟು ಬಂತು. ನನಗೆ ನಾಲ್ಕು ಸಾವಿರ ಬಂದಿದೆಯಲ್ಲ, ಅದು ಸುಳ್ಳಾ ಎಂದೆ.

"ಸುಳ್ಳಲ್ಲ. ಇಕಾ, ಇದು ನೀನು." ನನ್ನ ನಾಲ್ಕು ಅಕ್ಷರದ ಸುನ್ನೆ ತೋರಿಸಿದರು. "ನಿಂಗೆ ಬಂದದ್ದು ಈ ಒತ್ತಿಗೆ. ಅದುಕ್ಕೆ ಇಪ್ಪತ್ತು ನಿಮಿಸ ಮುಂಚೆ ದೊಡ್ಡ ಸುನ್ನೇಲಿ ಏನೂ ಇರ್ಲಿಲ್ಲ, ಖಾಲಿಯಾಗಿತ್ತು. ಆಗ ಇವ್ರು ಯಾರೋ ಇಷ್ಟು ಹಾಕವ್ರೆ. ಅದ್ರಲ್ಲೇ ನಿಂಗೆ ಕೊಟ್ಟದೆ. ಯಾರಿದು, ಲೆಕ್ಕ ಹಾಕ್ನೋಡು."

ಮೊತ್ತ ಡಾಲರಿನ ಲೆಕ್ಕದಲ್ಲಿತ್ತು. ಫೋನಿನಲ್ಲಿ ಗುಣಿಸಿದೆ. ಹದಿಮೂರು ಸಾವಿರದ ಏಳುನೂರು.

ನನ್ನ ಗೆಳತಿಯ ಬೋನಸ್ಸು. ನಾನು ಲಾಭ ಬಂತೆಂದು ಕುಣಿದು, ಅವಳಿಗೇ ಜಾಮೂನು ತಿನ್ನಿಸಿದ್ದೆ. ಅಂಗಡಿಯ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಸಾಬರು ಸಮಾಧಾನ ಮಾಡಲಿಲ್ಲ. ಹೋಟೆಲಿನಿಂದ ಟೀ ತರಿಸಿ ಪಕ್ಕದಲ್ಲಿಟ್ಟರು, ಅಷ್ಟೇ.

"ಈ ಪುಸ್ತಕ ಸುಳ್ಳು ಯೋಳಿಲ್ಲ. ನೀವು ಓದ್ಲಿಲ್ಲ" ಎಂದರು ಆಮೇಲೆ. "ಬ್ಯಾಂಕಲ್ಲಿ ಬಾಗ್ಲು ಮುಚ್ಚಿರ್ತದೆ, ಆದ್ರೆ ಬಾಗ್ಲು ಮೇಲೆ ಎಸ್ರು ಬರ್ದದೆ. ಓಗಿ ಬಡೀಬೋದು. ಇಲ್ಲಿ ಬಾಗ್ಲೇ ಇಲ್ಲ, ಎಲ್ಲಾ ಬಯ್ಲು. ಆದ್ರೆ ಈ ಮನೆ ಯಾರ್ದು ಅಂದ್ರೆ ಯೋಳೋರಿಲ್ಲ. ಎರಡೂ ಬೇಕು ಕಣಮ್ಮ. ಬಯ್ಲೂ ಇರ್ಬೇಕು, ಎಸ್ರೂ ಇರ್ಬೇಕು."

ನಾನು ಅವರ ಕೈ ಹಿಡಿದುಕೊಂಡು, ನಾಳೆ ನೀವೇ ಹೇಳಿಬಿಡಿ ಸಾಬ್ರೇ, ನಾನು ಬರುವುದಿಲ್ಲ ಎಂದೆ. ಕೈ ಬಿಡಿಸಿಕೊಂಡರು. "ಮನ್ಮನೆಗೂ ಓಗಿ ಯೋಳ್ದೋಳು ನೀನು. ಓದೋಳೂ ನೀನೇಯ."

ಭಾನುವಾರ ಬೆಳಗ್ಗೆ ಇಪ್ಪತ್ತೂ ಜನ ಬಂದರು. ಸಾಬರು ಆ ಚಿತ್ರವನ್ನು ಗೋಡೆಗೆ ಅಂಟಿಸಿ ಪಕ್ಕಕ್ಕೆ ನಿಂತರು. ನಾನು ಓದಿದೆ. ದೊಡ್ಡ ಸುನ್ನೆ, ಸಣ್ಣ ಸುನ್ನೆ, ನಿಮಿಷ, ಮೊತ್ತ, ಕೊನೆಗೆ ನನ್ನ ನಾಲ್ಕು ಸಾವಿರ. ಒಂದನ್ನೂ ಬಿಡಲಿಲ್ಲ. ತಲೆಯಾಡಿಸಿದ್ದವರೇ ಮೊದಲು ಕೂಗಾಡಿದರು. ಹಲಗೂರಿನ ಆ ಹಿರಿಯ ರೈತರು, ನಾಲ್ಕು ಸುತ್ತು ಕಡಿಮೆಯಾದ ಮೋಟಾರಿನವರು, ಆಗ ಚೀಟಿಯ ಸದಸ್ಯರಾಗಿದ್ದರು. "ಸುಮ್ನಿರ್ರಲಾ. ಬಾಯ್ಬುಟ್ಟು ಯೋಳವ್ಳೆ" ಎಂದು ಗದರಿದರು. ಹೂವಿನ ಅಕ್ಕನ ಕೈಗೆ ಲಕ್ಷ ರೂಪಾಯಿ ಎಣಿಸಿ ಕೊಟ್ಟದ್ದು ಅಲ್ಲೇ, ಆಗಲೇ. ಅವಳು ಸೆರಗಿನಲ್ಲಿ ಕಟ್ಟಿಕೊಂಡು, ನನ್ನ ಕಡೆ ನೋಡದೆ ಹೋದಳು.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಸಾಬರು ವಾರ್ನಿಷ್ ಡಬ್ಬಿಯಲ್ಲಿ ಕುಂಚ ಅದ್ದಿದರು.

"ಆ ಆರು ಜನ ಯಾರ್ ಮಾತ್ಮೇಲೆ ಹಾಕುದ್ರು?"

"ನನ್ನ ಮಾತಿನ ಮೇಲೆ."

"ಎಷ್ಟು?"

"ತೊಂಬತ್ತೊಂದು ಸಾವಿರದ ಏಳುನೂರು."

ಗೋಡೆಯ ಮೇಲೆ, ರಸ್ತೆಗೆ ಕಾಣುವ ಹಾಗೆ, ಅಂಗೈಯಗಲದ ಅಕ್ಷರದಲ್ಲಿ ಬರೆದರು: ಮೋಟಾರ್ ಗೌಡ್ರ ಮಗಳು, 91,700. ನನ್ನ ಹೆಸರು ಬರೆದಿದ್ದರೆ ಸಹಿಸುತ್ತಿದ್ದೆನೇನೋ. ಅಪ್ಪನನ್ನೂ ಎಳೆದು ತಂದರಲ್ಲ ಎಂದು ಮೈ ಉರಿದುಹೋಯಿತು. ಅಷ್ಟು ಜನರ ಮುಂದೆ, ನಿಮಗೇನು ಅಧಿಕಾರ ಎಂದು ಕೂಗಿದೆ.

"ಅದಿಕಾರ ಇಲ್ಲ. ಬ್ಯಾಡ ಅಂದ್ರೆ ಈಗ್ಲೇ ಒರಸ್ತೀನಿ, ಇನ್ನೂ ಅಸಿಯಾಗದೆ. ಒಣಗುದ್ರೆ ಓಗಲ್ಲ. ಯೋಳು."

ಕುಂಚ ಹಿಡಿದು ಕಾದರು. ವಾರ್ನಿಷ್ ಒಣಗುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತೂ ನಾನು ಅಲ್ಲೇ ನಿಂತಿದ್ದೆ. ಒರೆಸಿ ಎನ್ನಲು ಬಾಯಿ ಬರಲಿಲ್ಲ. ಆದರೆ ಅವತ್ತಿನಿಂದ ನಾಲ್ಕು ತಿಂಗಳು ಆ ರಸ್ತೆಯಲ್ಲಿ ಕಾಲಿಡಲಿಲ್ಲ. ಪೇಟೆಗೆ ಹೋಗಬೇಕಾದರೆ ಸುತ್ತುಬಳಸಿನ ದಾರಿ ಹಿಡಿಯುತ್ತಿದ್ದೆ. ಚೀಟಿಯ ಕಂತು, ಆರು ಜನರ ಬಾಕಿಯ ಕಂತು, ಎರಡನ್ನೂ ಅಪ್ಪನ ಕೈಲಿ ಕಳಿಸುತ್ತಿದ್ದೆ. ಗೋಡೆಯ ಮೇಲೆ ತಮ್ಮ ಹೆಸರಿದೆ ಎಂದು ಅಪ್ಪ ಸಿಟ್ಟಾಗಲೂ ಇಲ್ಲ, ಅದೊಂದು ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ಕಾಯಿನ್‌ನ ಆ್ಯಪು ಆ ಭಾನುವಾರದಿಂದ ನಾವೆಷ್ಟು ಕೇಳಿದರೂ ಯಾರ ಅಸಲನ್ನೂ ವಾಪಸು ಕೊಡಲಿಲ್ಲ, ಹದಿನೈದು ದಿನಕ್ಕೆ ತೆರೆಯುವುದನ್ನೇ ನಿಲ್ಲಿಸಿತು. ಅಂತೂ ನಾಲ್ಕನೇ ತಿಂಗಳ ಕೊನೆಗೆ ದೂರು ಕೊಡಲು ಮಂಡ್ಯಕ್ಕೆ ಹೋಗಬೇಕಾದಾಗ ಅಪ್ಪ ಸಾಬರಿಗೆ ಹೇಳಿದರೆಂದು ಕಾಣುತ್ತದೆ, ಬಸ್ ಹತ್ತಿದರೆ ಅವರು ಕಿಟಕಿ ಪಕ್ಕ ನೋಟುಬುಕ್ಕು ಹಿಡಿದು ಕೂತಿದ್ದರು. ನಾನು ಹಿಂದಿನ ಸೀಟಿಗೆ ಹೋಗಿ ಕೂತೆ. ಪೊಲೀಸ್ ಅಧಿಕಾರಿ ಒಳ್ಳೆಯವರು. ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ಯಾರು ಬರೆದದ್ದು ಎಂದರು. ದುಡ್ಡು ಹೋದ ದಾರಿ ಇಷ್ಟು ಸ್ಪಷ್ಟವಾಗಿ ಯಾರೂ ತಂದುಕೊಟ್ಟಿಲ್ಲ ಎಂದರು. ಆಮೇಲೆ ಪೆನ್ನು ಹಿಡಿದು, ಆರೋಪಿ ಹೆಸರೇನು ಬರೆಯಲಿ ಎಂದು ಕೇಳಿದರು. ನನ್ನಲ್ಲಿ ಇದ್ದದ್ದು ನಾಲ್ಕು ಅಕ್ಷರ ಮಾತ್ರ. ಕೋಟಿನವನ ಫೋನು ಅಷ್ಟರಲ್ಲಿ ಸತ್ತಿತ್ತು.

ವಾಪಸು ಬರುವಾಗ ಸಾಬರು ಒಂದೇ ಮಾತು ಹೇಳಿದರು. "ನಿನ್ನ ಆರು ಜನ ಈ ಥರ ಠಾಣೆಗೆ ಅಲೀಬೇಕಾಗಿಲ್ಲ ನೋಡು. ಅವ್ರ ದುಡ್ಡಿಗೆ ಎಸ್ರದೆ, ಗ್ವಾಡೆ ಮೇಲದೆ." ನನಗೆ ಆ ಗೋಡೆ ಏನೆಂದು ಗೊತ್ತಾದದ್ದು ಆಗ. ಅವರು ನನ್ನ ಮಾನ ಕಳೆಯಲು ಬರೆದಿರಲಿಲ್ಲ. ದುಡ್ಡು ಕಳೆದುಕೊಂಡ ಆರು ಹೆಣ್ಣುಮಕ್ಕಳಿಗೆ ಒಂದು ಬಾಗಿಲು ತೋರಿಸಿದ್ದರು, ಬಾಗಿಲ ಮೇಲೆ ಹೆಸರು ಬರೆದಿದ್ದರು. ಆ ಆರೂ ಜನ ಒಂದು ದಿನವೂ ನನ್ನನ್ನು ಕಟುವಾಗಿ ಕೇಳಲಿಲ್ಲ. ಸಂಬಳವಾದ ವಾರ ಬಸ್ಸಿನಿಂದಲೇ ಬಗ್ಗಿ ಗೋಡೆ ನೋಡಿ, ಎಷ್ಟು ಇಳಿದಿದೆ ಎಂದು ತಿಳಿದುಕೊಳ್ಳುತ್ತಿದ್ದರು. ನನ್ನ ಗೆಳತಿ ಪಕ್ಕದ ಸೀಟು ಬಿಡಲೇ ಇಲ್ಲ.

ತೀರಿಸಲು ಹದಿನಾರು ತಿಂಗಳು ಹಿಡಿಯಿತು. ನಡುವೆ ರಂಜಾನ್ ಬಂತು, ಗೋಡೆಗೆ ಸುಣ್ಣ ಹೊಡೆಯುವ ದಿನವೂ ಬಂತು. ಎಲ್ಲರ ಲೆಕ್ಕ ಓದಿ ಸುಣ್ಣ ಬಳಿದರು, ನನ್ನ ಸಾಲಿನ ಸುತ್ತ ಮಾತ್ರ ಒಂದು ಟವೆಲ್ಲಿನಷ್ಟು ಜಾಗ ಹಾಗೇ ಬಿಟ್ಟರು. ಬಿಳೀ ಗೋಡೆಯಲ್ಲಿ ಆ ಹಳದಿ ತೇಪೆ ದೂರದಿಂದಲೇ ಹೊಡೆದು ಕಾಣುತ್ತಿತ್ತು. ಕೊನೇ ಕಂತು ಕೊಟ್ಟ ದಿನ ಆರು ಜನರನ್ನೂ ಕರೆದುಕೊಂಡು ಹೋದೆ. ಸಾಬರು ಕುಂಚವನ್ನು ನನ್ನ ಕೈಗೇ ಕೊಟ್ಟರು. ಗೀಟು ಎಳೆದೆ. ಸೊಟ್ಟಗಾಯಿತು.

"ಸೊಟ್ಟಗಾದ್ರೂ ಪೂರ್ತಿ ಎಳ್ದೆ" ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಬೆರಳೆಣಿಕೆಯಷ್ಟು ಸಲ. ನಮ್ಮ ಮದ್ದೂರಿನಲ್ಲಿ ಇಂಥವರೊಬ್ಬರು ಇದ್ದರು, ಅವರು ನನ್ನನ್ನು ನೋಡಿ ನಕ್ಕರು ಎನ್ನುವುದು ನನಗೆ ಇವತ್ತಿಗೂ ದೊಡ್ಡಸ್ತಿಕೆ.

ಕಳೆದ ವರ್ಷ ಅವರು ತೀರಿಕೊಂಡರು. ಎದೆ ಹಿಡಿದುಕೊಂಡಾಗ ಅಂಗಡಿಯಲ್ಲೇ ಇದ್ದರು, ಅರ್ಧ ಸುತ್ತಿದ ಮೋಟಾರು ಮುಂದಿತ್ತು. ಎಷ್ಟು ಸುತ್ತು ಆಗಿದೆ ಎಂದು ಮಗನಿಗೆ ಹೇಳಿಯೇ ಆಟೋ ಹತ್ತಿದರಂತೆ. ಅಂಗಡಿ ಈಗ ಮಗನದು.

ಹೆಣ ಹೊತ್ತ ಮಂದಿ ಮಸೀದಿಗೆ ಹೋಗುವ ಮುಂಚೆ ಅಂಗಡಿ ಮುಂದೆ ನಿಂತರು. ಸತ್ತವರಿಂದ ಯಾರಿಗಾದರೂ ಬಾಕಿ ಬರಬೇಕಾ ಎಂದು ಮನೆಯವರು ಕೇಳುವ ಪದ್ಧತಿ ಅವರಲ್ಲಿದೆ. ಸಾಮಾನ್ಯವಾಗಿ ನಮಾಜಿನ ಹೊತ್ತಿಗೆ ಕೇಳುತ್ತಾರಂತೆ. ಆದರೆ ಹಳ್ಳಿಗಳಿಂದ ಬಂದ ಗಿರಾಕಿಗಳೆಲ್ಲ ರಸ್ತೆಯಲ್ಲೇ ನೆರೆದಿದ್ದರಿಂದ ಮಗ ಅಲ್ಲೂ ಕೇಳಿದ. ನಾವು ಹೆಂಗಸರು ಎದುರುಗಡೆ ಪಾದಚಾರಿ ದಾರಿಯಲ್ಲಿ ನಿಂತಿದ್ದೆವು. ಹೂವಿನ ಅಕ್ಕ ಇದ್ದಳು, ಪಕ್ಕದಲ್ಲಿ ನರ್ಸಿನ ಬಿಳೀ ಬಟ್ಟೆಯಲ್ಲೇ ಡ್ಯೂಟಿಯಿಂದ ನೇರ ಬಂದ ಅವಳ ಮಗಳು.

"ನಮ್ಮಪ್ಪಂದು ಯಾರ್ಗಾದ್ರೂ ಕೊಡೋದಿದ್ರೆ ಯೋಳ್ಬುಡಿ. ನಾನ್ ತೀರಿಸ್ತೀನಿ" ಎಂದ ಮಗ.

ಹಲಗೂರಿನ ಹಿರಿಯರು ಪೇಟ ತೆಗೆದು ಕೈಲಿ ಹಿಡಿದು ಮುಂದೆ ಬಂದರು.

"ಯಾನಿಲ್ಲ ಕಣಪ್ಪ. ಎಲ್ರೂವೆ ಗ್ವಾಡೆ ನೋಡ್ಕಂಡೇ ಬಂದಿವಿ. ತಕ್ಕೊಂಡೋಗು ನಿಮ್ಮಪ್ಪನ್ನ."

ಅವರ ಹಿಂದೆ ಬಾಗಿಲು ತೆರೆದೇ ಇತ್ತು. ಸಾಬರ ಹೆಸರಿನ ಮುಂದೆ ಒಂದೇ ಒಂದು ಅಂಕಿ ಇರಲಿಲ್ಲ. ನಾನು ಅಳಬೇಕಾಗಿತ್ತು, ಆದರೆ ನನಗೆ ಬಂದದ್ದು ಹೆಮ್ಮೆ. ಎಂಥೆಂಥವರೋ ಸತ್ತಾಗ ಪೆಟ್ಟಿಗೆ, ಕಾಗದಪತ್ರ ಹುಡುಕಿ ಮನೆಯವರು ಬೆವರುವುದನ್ನು ನೋಡಿದ್ದೇನೆ. ಇವರ ಬದುಕಿನ ಲೆಕ್ಕವನ್ನು ಅಷ್ಟು ಜನ ನಡೆದುಹೋಗುತ್ತಲೇ ಓದಿ ಮುಗಿಸಿದ್ದರು.

ಈ ವರ್ಷವೂ ರಂಜಾನ್‌ಗೆ ಮುಂಚಿನ ಭಾನುವಾರ ಸೇರಿದೆವು. ಮಗ ಗೋಡೆ ಓದಿದ, ನಾವು ಸರಿ ಎಂದೆವು. ಸುಣ್ಣದ ಕುಂಚ ಮೇಲಿಂದ ಇಳಿಯುತ್ತ ನನ್ನ ಆ ಹಳದಿ ತೇಪೆಯ ಹತ್ತಿರ ಬಂದು ನಿಂತಿತು. ತೀರಿ ವರ್ಷಗಳಾದರೂ ಅದನ್ನು ಸಾಬರು ಮುಚ್ಚಿರಲಿಲ್ಲ, ಮುಚ್ಚಿ ಎಂದು ನಾನೂ ಹೇಳಿರಲಿಲ್ಲ.

"ಹೊಡ್ದುಬುಡ್ಲಾ ಅಕ್ಕ? 'ಅವ್ಳು ಯೋಳೋಗಂಟ ಮುಟ್ಬ್ಯಾಡ' ಅಂದಿದ್ರು ಅಪ್ಪ."

ಕಾರ್ಖಾನೆಯಿಂದ ನಾನು ಹೊಸದಾಗಿ ಚೀಟಿಗೆ ಸೇರಿಸಿದ ಒಬ್ಬ ಹುಡುಗಿ ಪಕ್ಕದಲ್ಲಿದ್ದಳು. ಅವಳು ಕತ್ತು ಚಾಚಿ ಜೋರಾಗಿ ಓದಿದಳು. "ಮೋಟಾರ್ ಗೌಡ್ರ ಮಗಳು, ತೊಂಬತ್ತೊಂದು ಸಾವಿರದ ಏಳ್ನೂರು. ಅಬ್ಬಾ! ಗೀಟು ಎಳ್ದವ್ರೆ, ತೀರ್ಸವ್ಳೆ. ಯಾರಕ್ಕ ಅದು?"

"ಬುಡಪ್ಪ, ಇರ್ಲಿ" ಎಂದೆ ಮಗನಿಗೆ. ಆಮೇಲೆ ಅವಳ ಕಡೆ ತಿರುಗಿದೆ.

"ನಾನೇ ಕಣೆ."